ಅಸ್ಥಿ ರೈಲಿನ ಮುಂದೆ ಅತ್ತವಳು

ಮಲ್ಲೇಶ, ನಿನ್ನವ್ವ ಅತ್ತದ್ದು ಆ ನಾಯಕರಿಗಾಗಿ ಅಲ್ಲ. ನಿನಗಾಗಿ. ನೀನು ಸತ್ತುಹೋದೆ ಎಂದು ಆಕೆಗೆ ಹೇಳಿದವನು ನಾನು. ಹೇಳಿ, ಎರಡು ಹೆಜ್ಜೆ ಹಿಂದೆ ಸರಿದು, ಕ್ಯಾಮೆರಾ ಎತ್ತಿ ಕ್ಲಿಕ್ ಮಾಡಿದವನೂ ನಾನು.

ಇದಕ್ಕಿಂತ ಮೆಲ್ಲಗೆ ಶುರುಮಾಡಬೇಕೆಂದು ಇಪ್ಪತ್ತು ದಿನದಿಂದ ಹಾಳೆ ಹರಿಯುತ್ತಿದ್ದೇನೆ. ಆಗಲಿಲ್ಲ. ನೀನು ಎಲ್ಲಿದ್ದೀಯೋ — ಇದ್ದೀಯೋ ಇಲ್ಲವೋ. ಇದ್ದರೆ ನಿನಗೂ ಈಗ ಅರವತ್ತು ದಾಟಿರಬೇಕು. ಯಾವ ವಿಳಾಸಕ್ಕೆ ಹಾಕುವುದು ಗೊತ್ತಿಲ್ಲ. ಅದಕ್ಕೇ ಹತ್ತು ಜನ ಓದುವ ಪುಸ್ತಕದಲ್ಲಿ ಹಾಕುತ್ತಿದ್ದೇನೆ. ಹತ್ತು ಜನ ಓದಿದರೆ ಒಬ್ಬರಾದರೂ ನಿನಗೆ ಮುಟ್ಟಿಸಬಹುದು.

ಪುಸ್ತಕ ಮಾಡುತ್ತಿರುವವರು ನಮ್ಮ ಹೈಸ್ಕೂಲಿನ ಸಮಾಜ ಪಾಠದ ಮೇಡಂ. ತಿಪಟೂರಿನ ಹಳೆಯ ಚಿತ್ರಗಳನ್ನೆಲ್ಲ ಒಂದು ಕಡೆ ಸೇರಿಸಬೇಕೆಂದು ಮನೆಮನೆ ತಿರುಗುತ್ತಿದ್ದಾರೆ. ಹೋದ ತಿಂಗಳು ನನ್ನ ಸ್ಟುಡಿಯೊಗೂ ಬಂದರು. ಗೋಡೆಯ ಮೇಲಿದ್ದ ಚಿತ್ರದ ಮುಂದೆ ಚಪ್ಪಲಿ ಬಿಟ್ಟು ನಿಂತರು. ದೇವರ ಪಟದ ಮುಂದೆ ನಿಂತ ಹಾಗೆ. ಆಮೇಲೆ, “ಇದು ಐತಿಹಾಸಿಕ ಚಿತ್ರ ಸರ್. ಇದೇ ಮೊದಲನೇ ಪುಟ. ಕೆಳಗೆ ನಾಲ್ಕು ಸಾಲು ನೀವೇ ಬರೆದುಕೊಡಿ. ಆ ತಾಯಿ ಯಾರು, ಅವತ್ತು ಏನಾಯಿತು, ಅಷ್ಟು ಸಾಕು” ಎಂದರು.

ನಾಲ್ಕು ಸಾಲು!

ಚಿತ್ರ ನೀನು ನೋಡಿದ್ದೀಯ. ನೋಡಿದ್ದೀಯ ಎಂದು ನನಗೆ ಗೊತ್ತು. ಹೇಗೆ ಗೊತ್ತು ಎಂಬುದನ್ನು ಮುಂದೆ ಹೇಳುತ್ತೇನೆ. ಹೂವಿನಿಂದ ಮುಚ್ಚಿಹೋದ ರೈಲಿನ ಡಬ್ಬಿ. ಕಿಟಕಿಯೊಳಗೆ ಬಿಳಿ ಬಟ್ಟೆ ಸುತ್ತಿದ ಅಸ್ಥಿ ಕುಡಿಕೆ. ಅದರ ಮುಂದೆ, ಜನರ ಗೋಡೆಯಿಂದ ಒಂದು ಮೊಳ ಆಚೆ ಬಂದು, ನಿನ್ನವ್ವ. ಸೆರಗು ಜಾರಿದೆ. ಬಾಯಿ ತೆರೆದಿದೆ. ಬಲಗೈ ಆ ಕಿಟಕಿಯ ಕಡೆ ಚಾಚಿದೆ. ಕಾಲ ಬಳಿ ಹರಿದುಬಿದ್ದ ಕೊಬ್ಬರಿ ಹಾರ, ಪ್ಲಾಟ್‌ಫಾರಂ ಮೇಲೆ ಉರುಳುತ್ತಿರುವ ಕೊಬ್ಬರಿ ಬಟ್ಟಲುಗಳು. ಆ ನಾಯಕರ ಹೆಸರು ನಾನಿಲ್ಲಿ ಬರೆಯುವುದಿಲ್ಲ. ಊರಿಗೆಲ್ಲ ಗೊತ್ತಿರುವುದೇ. ನನ್ನ ಈ ಕೊಳಕಿನೊಳಗೆ ಅವರ ಹೆಸರು ಬೇಡ.

ನನ್ನ ಕಸುಬು ನಿನಗೆ ನೆನಪಿರಬೇಕು. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಹೆಣವನ್ನು ಗೋಡೆಗೆ ಒರಗಿಸಿ, ವಿಭೂತಿ ಹಚ್ಚಿ, ಹಾರ ಹಾಕಿ ಕೂರಿಸುತ್ತಾರೆ. ಮಣ್ಣಿಗೆ ಒಯ್ಯುವ ಮುಂಚೆ ಮನೆಯವರೆಲ್ಲ ಎರಡೂ ಪಕ್ಕ ಕೂತು ಒಂದು ಫೋಟೋ. ಎಷ್ಟೋ ಜನಕ್ಕೆ ಬದುಕಿನಲ್ಲಿ ತೆಗೆಸಿದ ಫೋಟೋ ಅದೊಂದೇ. ಆಮೇಲೆ ಮನೆಯವರು ಸ್ಟುಡಿಯೊಗೆ ಬಂದು, ಆ ಮುಖವನ್ನು ಮಾತ್ರ ದೊಡ್ಡದು ಮಾಡಿ ಕಣ್ಣು ಬರೆದುಕೊಡು ಎನ್ನುತ್ತಿದ್ದರು. ಮುಚ್ಚಿದ ರೆಪ್ಪೆಯ ಮೇಲೆ ಸಣ್ಣ ಬ್ರಷ್ಷಿನಿಂದ ತೆರೆದ ಕಣ್ಣು ಬರೆಯುವುದು. ಆ ಕೆಲಸದಲ್ಲಿ ತುರುವೇಕೆರೆಯಿಂದ ಹುಳಿಯಾರಿನವರೆಗೆ ನನ್ನಷ್ಟು ಕೈ ಕೂತವರು ಇರಲಿಲ್ಲ. ಗಂಗಾಧರ ಕಣ್ಣು ಬರೆದರೆ ಸತ್ತವರು ತಿರುಗಿ ನೋಡುತ್ತಾರೆ ಎನ್ನುತ್ತಿದ್ದರು. ನಮ್ಮೂರಿನಲ್ಲಿ ಯಾರದೋ ಫೋಟೋಗೆ ಕಣ್ಣು ಬರೆಸಬೇಕು ಎಂದರೆ ಮುಂದೆ ಏನನ್ನೂ ಕೇಳಬೇಕಾಗಿರಲಿಲ್ಲ. ಆ ಮನೆಯಲ್ಲಿ ಸಾವಾಗಿದೆ ಎಂದೇ ಅರ್ಥ.

ಆ ಹೆಸರೇ ನನ್ನ ಕುತ್ತಿಗೆಗೆ ಬಿದ್ದಿತ್ತು. ಮದುವೆಗೆ ನನ್ನನ್ನು ಯಾರೂ ಕರೆಯುತ್ತಿರಲಿಲ್ಲ. ಒಂದು ಸಲ ತುರುವೇಕೆರೆಯ ಹತ್ತಿರದ ಒಂದು ಮದುವೆಗೆ ಯಾರೋ ಗೊತ್ತಿಲ್ಲದೆ ಕರೆದಿದ್ದರು. ಚಪ್ಪರದ ಕೆಳಗೆ ಇನ್ನೂ ಸ್ಟ್ಯಾಂಡ್ ಬಿಚ್ಚುತ್ತಿದ್ದೆ. ಹೆಣ್ಣಿನ ದೊಡ್ಡಪ್ಪ ನನ್ನ ಮುಖ ನೋಡಿ, ಕರೆತಂದವನನ್ನು ಕೇಳಿದ: “ಹೆಣದ ಫೋಟೋದೋನ್ನ ಯಾಕ್ಲಾ ಕರ್ಕಂಬಂದೆ? ಧಾರೆ ಎರೆಯೋದಾ, ಮಣ್ಣು ಹಾಕೋದಾ ಇಲ್ಲಿ?” ಜನ ನಕ್ಕರು. ಊಟ ಮಾಡಿಕೊಂಡು ಹೋಗು ಎಂದರು. ನಾನು ಊಟ ಮಾಡದೆ, ಕಿಬ್ಬನಹಳ್ಳಿ ಕೈಮರದಲ್ಲಿ ಬಸ್ಸಿಗೆ ಕಾಯುತ್ತ ಎರಡು ಗಂಟೆ ನಿಂತಿದ್ದೆ. ಬದುಕಿರುವವರದು ಒಂದು ಫೋಟೋ — ಊರೆಲ್ಲ ನೋಡುವಂಥದ್ದು ಒಂದೇ ಒಂದು — ಆಗ ಅದೊಂದೇ ಆಸೆ ನನಗೆ. ನೆಪ ಎಂದು ಇದನ್ನು ಹೇಳುತ್ತಿಲ್ಲ. ಆ ಹೊತ್ತಿನಲ್ಲಿ ನನ್ನೊಳಗೆ ಏನಿತ್ತು ಎಂದು ನಿನಗೆ ತಿಳಿದಿರಲಿ ಅಂತ.

ಎಂಬತ್ತರ ದಶಕ. ನೀನು ಊರು ಬಿಟ್ಟು ಎರಡು ವರ್ಷವಾಗಿತ್ತು. ನಾಯಕರ ಅಸ್ಥಿ ರೈಲಿನಲ್ಲಿ ಊರೂರಿಗೆ ಹೋಗುತ್ತದೆ, ನಮ್ಮ ಸ್ಟೇಷನ್ನಿನಲ್ಲಿ ಐದು ನಿಮಿಷ ನಿಲ್ಲುತ್ತದೆ ಎಂದು ಸುದ್ದಿ ಬಂತು. ಬೆಂಗಳೂರಿನ ಪತ್ರಿಕೆಯವರೊಬ್ಬರು ಹೇಗೋ ನನ್ನ ಹೆಸರು ಕೇಳಿಕೊಂಡು, ಅಂಚೆ ಕಚೇರಿಗೆ ಫೋನು ಮಾಡಿ ಕರೆಸಿದರು. ರೈಲಿನ ಫೋಟೋ ಎಲ್ಲ ಊರಿಂದಲೂ ಬರುತ್ತೆ, ಅದು ಬೇಡ, ಅಳುವ ಒಂದು ಮುಖ ಸಿಕ್ಕರೆ ಕಳಿಸಿ, ಮೊದಲ ಪುಟಕ್ಕೆ ಹಾಕುತ್ತೇವೆ ಎಂದರು. ಅಳುವ ಒಂದು ಮುಖ.

ಕೊಬ್ಬರಿ ಮಂಡಿಯವರೆಲ್ಲ ಸೇರಿ ರೈಲಿಗೆ ಒಂದು ಹಾರ ಹಾಕುವುದೆಂದು ತೀರ್ಮಾನಿಸಿದರು. ಕೊಬ್ಬರಿ ಹಾರವೋ ಹೂವಿನ ಹಾರವೋ ಎಂದು ಜಗಳವಾಯಿತು. ಸತ್ತವರಿಗೆ ಯಾರಾದರೂ ಕೊಬ್ಬರಿ ಹಾರ ಹಾಕುತ್ತಾರಾ, ಅದು ಮದುವೆಗೆ, ದೇವರಿಗೆ ಎಂದು ಹಿರಿಯರು. ಹೂವು ಎಲ್ಲ ಊರಲ್ಲೂ ಸಿಗುತ್ತೆ, ತಿಪಟೂರು ಅಂತ ಅವರಿಗೆ ಗೊತ್ತಾಗುವುದು ಬೇಡವಾ ಎಂದು ಉಳಿದವರು. ಕೊನೆಗೆ ಕೊಬ್ಬರಿಯೇ ಗೆದ್ದಿತು. ಪೋಣಿಸುವ ಕೆಲಸ ನಿನ್ನವ್ವನ ಪಾಲಿಗೆ ಬಂತು. ಮಂಡಿಯಲ್ಲಿ ಚಿಪ್ಪು ಬಿಡಿಸುವ ಹೆಂಗಸರಲ್ಲಿ ಆಕೆಯ ಕೈ ಚೊಕ್ಕ ಎಂದು. ಪೋಣಿಸಿದವಳೇ ಹಿಡಿದುಕೊಂಡು ಮುಂದೆ ನಿಲ್ಲಲಿ ಎಂದರು. ಹಾಗೆ ಸಿದ್ದಮ್ಮಕ್ಕ ಮೊದಲ ಸಾಲಿಗೆ ಬಂದದ್ದು.

ರೈಲು ಬರುವ ಹೊತ್ತಿಗೆ ಬಿಸಿಲು ಏರಿತ್ತು. ಸ್ಟೇಷನ್ ತುಂಬ ಜನ. ದುಃಖ ಇರಲಿಲ್ಲ ಎನ್ನಲಾರೆ — ಇತ್ತು. ಆದರೆ ಅದು ಮುಖದ ಮೇಲೆ ಇರಲಿಲ್ಲ. ರೈಲು ಇನ್ನೂ ಎಷ್ಟು ಹೊತ್ತು ಎಂದು ಬಗ್ಗಿ ನೋಡುವವರು, ಎಲೆಯಡಿಕೆ ಹಾಕುವವರು, ಹೆಗಲ ಮೇಲೆ ಮಕ್ಕಳನ್ನು ಕೂರಿಸಿಕೊಂಡವರು. ನಾನು ಕ್ಯಾಮೆರಾ ಎತ್ತಿದರೆ ಸಾಕು, ಎಲ್ಲರೂ ಅಂಗಿ ಸರಿಮಾಡಿಕೊಂಡು ನೆಟ್ಟಗೆ ನಿಂತು ಹಲ್ಲು ಬಿಡುತ್ತಿದ್ದರು. ಬೇಡವೆಂದು ಕೈ ಆಡಿಸಿದರೆ ಇನ್ನೂ ನಗುತ್ತಿದ್ದರು. ರೋಲಿನಲ್ಲಿ ಹನ್ನೆರಡು. ರೈಲು ಬಂದು ನಿಲ್ಲುವಷ್ಟರಲ್ಲಿ ಎಂಟು ಹೀಗೆಯೇ ಹೋಗಿದ್ದವು. ಇನ್ನೆರಡು ರೈಲಿಗೆ ಹೋದವು. ಎರಡು ಉಳಿದಿದ್ದವು.

ನಿನ್ನವ್ವ ಕೊಬ್ಬರಿ ಹಾರ ಹಿಡಿದು ಕಂಬದ ಹಾಗೆ ನಿಂತಿದ್ದಳು. ಆಕೆ ನೋಡುತ್ತಿದ್ದದ್ದು ಆ ಕುಡಿಕೆಯನ್ನಲ್ಲ. ಪಕ್ಕದ ಡಬ್ಬಿಯಿಂದ ಇಳಿಯುತ್ತಿದ್ದ ಜನರನ್ನು. ಪಕ್ಕದಲ್ಲಿದ್ದ ನನ್ನನ್ನು ಮೆಲ್ಲಗೆ ಕೇಳಿದಳು: “ಈ ರೈಲು ಉತ್ತರದಿಂದ ಬಂದಿದ್ದಲ್ವೇನಪ್ಪ ಗಂಗಣ್ಣ? ನನ್ನ ಮಗನ್ನ ಕಂಡೋರು ಯಾರಾದ್ರೂ ಇದ್ದಾರೇನೋ, ಒಸಿ ಕೇಳು.”

ಎರಡು ವರ್ಷದಿಂದ ಆಕೆ ಹೀಗೆಯೇ ಕೇಳುತ್ತಿದ್ದಳು. ಕೊಬ್ಬರಿ ಲಾರಿಯಲ್ಲಿ ಹತ್ತಿಹೋದವನನ್ನು ಪೂನಾದಲ್ಲಿ ಇಳಿಸಿದೆವು ಎಂದು ಯಾರೋ ಡ್ರೈವರ್ ಹೇಳಿದ್ದ. ಅಂದಿನಿಂದ ಉತ್ತರದಿಂದ ಬಂದ ಒಂದು ಲಾರಿಯನ್ನೂ ಆಕೆ ಕೇಳದೆ ಬಿಟ್ಟಿರಲಿಲ್ಲ. ಡ್ರೈವರುಗಳು ಆಕೆಯನ್ನು ಕಂಡರೆ ದೂರದಿಂದಲೇ “ಇಲ್ಲ ಕಣವ್ವ” ಎಂದು ಕೈ ಎತ್ತುತ್ತಿದ್ದರು.

ಗಾರ್ಡ್ ಹಸಿರು ಬಾವುಟ ಬಿಚ್ಚುತ್ತಿದ್ದದ್ದು ನನಗೆ ಕಂಡಿತು. ಆಮೇಲಿನದನ್ನು ನಾನು ಯೋಚನೆ ಮಾಡಿ ಮಾಡಿದೆನೋ, ಅದಾಗಿಯೇ ಬಾಯಿಗೆ ಬಂತೋ — ಇಲ್ಲ, ಹಾಗೆ ಬರೆದರೆ ಮತ್ತೆ ಸುಳ್ಳಾಗುತ್ತದೆ. ಯೋಚನೆ ಮಾಡಿದೆ. ಬೆಳಕು ಯಾವ ಕಡೆಯಿಂದ ಬೀಳುತ್ತಿದೆ ಎಂದು ನೋಡಿದೆ. ದೂರದ ಅಳತೆ ಸರಿಮಾಡಿಕೊಂಡೆ. ಆಮೇಲೆ ಆಕೆಯ ಕಿವಿಯ ಹತ್ತಿರ ಬಗ್ಗಿದೆ.

“ಸಿದ್ದಮ್ಮಕ್ಕ, ಇವತ್ತು ಹೇಳಬಾರದು ಅಂತಿದ್ದೆ. ಪೂನಾದಿಂದ ಮಲ್ಲೇಶನ ಫೋಟೋ ಕಳಿಸವ್ರೆ. ಕಣ್ಣು ಬರೀಬೇಕು.”

ಅಷ್ಟೇ. ಎರಡು ಹೆಜ್ಜೆ ಹಿಂದೆ ಸರಿದೆ.

ಹಾರ ಕೈಯಿಂದ ಬಿತ್ತು. ದಾರ ಹರಿದು ಬಟ್ಟಲುಗಳು ಉರುಳಿದವು. ಆ ಕೂಗು — ಅದು ಫೋಟೋದಲ್ಲಿ ಬರುವುದಿಲ್ಲ. ಕುಡಿಕೆಯ ಕಡೆ ಆಕೆ ಯಾಕೆ ಕೈ ಚಾಚಿದಳು ಎಂದು ಜನ ನೂರು ಸಲ ಹೇಳಿದ್ದಾರೆ, ಬರೆದಿದ್ದಾರೆ. ರೈಲು ಹೊರಟಿತ್ತು, ಮಲ್ಲೇಶ. ನಿನ್ನನ್ನು ಕಂಡವರು ಅದರಲ್ಲಿ ಯಾರಾದರೂ ಇರಬಹುದಲ್ಲ. ಆಕೆ ಅದನ್ನು ನಿಲ್ಲಿಸಲು ಹೋದಳು.

ಎರಡು ಕ್ಲಿಕ್. ಎರಡೂ ಚೆನ್ನಾಗಿ ಬಂದವು.

ರೈಲು ದಾಟಿದ ಕೂಡಲೇ ಹೇಳಿಬಿಡುತ್ತೇನೆ, ಕಾಲಿಗೆ ಬಿದ್ದು ಸುಳ್ಳು ಎನ್ನುತ್ತೇನೆ ಎಂದುಕೊಂಡಿದ್ದೆ. ನಿಜವಾಗಿಯೂ ಅಂದುಕೊಂಡಿದ್ದೆ. ಆದರೆ ಹೆಂಗಸರು ಆಕೆಯನ್ನು ಎತ್ತಿಕೊಂಡು ಹೋಗಿದ್ದರು, ರೋಲು ಬೆಂಗಳೂರಿನ ಬಸ್ಸಿಗೆ ಹಾಕಬೇಕಿತ್ತು — ನಾನು ಬಸ್‌ಸ್ಟ್ಯಾಂಡಿಗೆ ಓಡಿದೆ. ನಾಳೆ ಹೇಳಿದರಾಯಿತು ಎಂದುಕೊಂಡು.

ಮಾರನೆಯ ದಿನ ಹೋದೆ. ಮನೆ ತುಂಬ ನೆಂಟರು. ಮೂಲೆಯಲ್ಲಿ ನಿನ್ನವ್ವ. ಬಾಯಿ ತೆರೆಯುವ ಮುಂಚೆಯೇ ಆಕೆ ಕೇಳಿದಳು: “ಸುಟ್ಟರಾ, ಹೂತರಾ?”

ನಾವು ಮಣ್ಣಿಗಿಡುವವರು. ಅಸ್ಥಿ, ಬೂದಿ ಎಂಬುದನ್ನು ಆಕೆ ಹುಟ್ಟಿದಮೇಲೆ ಕಂಡದ್ದೇ ಆ ರೈಲಿನಲ್ಲಿ. ರಾತ್ರಿಯಿಡೀ ಆ ಬಿಳಿ ಬಟ್ಟೆಯ ಕುಡಿಕೆ ಆಕೆಯ ಕಣ್ಣ ಮುಂದೆ ಇತ್ತಂತೆ. ನನ್ನ ಮಗನನ್ನೂ ಹಾಗೆ ಮಾಡಿಬಿಟ್ಟರೋ ಎಂದು. ಹತ್ತು ಜೊತೆ ಕಣ್ಣು ನನ್ನ ಮೇಲಿದ್ದವು. ಸುಳ್ಳು ಎಂದು ಹೇಳಬೇಕಾಗಿದ್ದ ಬಾಯಿ ಹೇಳಿತು: “ಹೂತರಂತೆ ಅಕ್ಕ.”

ಆಕೆ ಉಸಿರು ಬಿಟ್ಟಳು. “ಅಷ್ಟಾದ್ರೂ ಆಯ್ತಲ್ಲ” ಎಂದಳು. ಆಮೇಲೆ, “ಆ ಫೋಟೋ ಕೊಡಪ್ಪ. ಕಣ್ಣು ಬರೆದೇ ಕೊಡು” ಎಂದಳು.

ಎಲ್ಲಿತ್ತು ಫೋಟೋ? ನನ್ನ ಹತ್ತಿರ ಇದ್ದದ್ದು ಒಂದೇ. ನೀನು ಊರು ಬಿಡುವ ಹಿಂದಿನ ದಿನ ಲೈಸನ್ಸಿಗೆ ಎಂದು ತೆಗೆಸಿದ್ದು. ನೆನಪಿದೆಯಾ? ಲಾರಿಯಲ್ಲೇ ಸತ್ತ ಗಂಡನ ಮಗ ಲಾರಿ ಓಡಿಸುವುದು ಬೇಡ ಎಂದು ಆಕೆ, ಓಡಿಸಿಯೇ ತೀರುತ್ತೇನೆ ಎಂದು ನೀನು. ಮಂಡಿಯ ಮುಂದೆ ಎಲ್ಲರ ಎದುರಿಗೆ ನಿನ್ನ ಅಂಗಿಯ ಜೇಬು ಹಿಡಿದು ಎಳೆದು ಕೆನ್ನೆಗೆ ಹೊಡೆದಳಲ್ಲ. ಜೇಬು ಹರಿದು ನೇತಾಡುತ್ತಿತ್ತು. ನೀನು ಅಲ್ಲಿಂದ ನೆಟ್ಟಗೆ ನನ್ನ ಸ್ಟುಡಿಯೊಗೆ ಬಂದೆ. ಬೇರೆ ಅಂಗಿ ಹಾಕಿಕೊಂಡು ಬಾ ಎಂದರೆ, “ಹಿಂಗೇ ತೆಗಿ ಗಂಗಣ್ಣ” ಎಂದೆ. ಮಾರನೆಯ ದಿನ ಆ ಅಂಗಿ ಬಿಚ್ಚಿ ಮನೆಯಲ್ಲಿ ಎಸೆದು ಹೋದವನು — ಹೋದೆ.

ಆ ನೆಗೆಟಿವ್ ತೆಗೆದೆ. ದೊಡ್ಡದು ಮಾಡಿದೆ. ಹಣೆಗೆ ವಿಭೂತಿ ಬರೆದೆ. ಕಟ್ಟು ಹಾಕಿಸಿ ಕೊಟ್ಟೆ. ನಿಮ್ಮ ಮನೆಯ ಗೋಡೆಯ ಮೇಲೆ ಅದನ್ನು ನೋಡಿದವರೆಲ್ಲ ನನ್ನ ಕೈ ಹೊಗಳಿದರು. ಎಷ್ಟು ಚೆನ್ನಾಗಿ ಕಣ್ಣು ಬರೆದಿದ್ದೀಯ, ಜೀವ ಇದ್ದಹಾಗೇ ಐತೆ ಎಂದರು. ಆ ಕಣ್ಣಿಗೆ ನಾನು ಬ್ರಷ್ ತಾಗಿಸಿಯೇ ಇರಲಿಲ್ಲ. ಅವು ನಿನ್ನವೇ.

ನಿನ್ನವ್ವ ಮಾತ್ರ ಹತ್ತಿರ ಹೋಗಿ ಮೇಲಿಂದ ಕೆಳಗೆ ನೋಡಿದಳು. ಜನ ಹೋದಮೇಲೆ ಪಟವನ್ನು ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡು ಹೇಳಿದಳು: “ಈ ಚೌಕಳಿ ಅಂಗಿ ನನ್ನ ಟ್ರಂಕಲ್ಲೇ ಐತೆ ಕಣಪ್ಪ.”

ಮುಖ ನೋಡಿದ್ದೆ, ಅಂಗಿ ನೋಡಿರಲಿಲ್ಲ. ಇಷ್ಟು ವರ್ಷದ ಕಸುಬಿನವನು ಅಂಗಿ ನೋಡಿರಲಿಲ್ಲ. ಆ ಗಳಿಗೆಯಲ್ಲಿ ಆಕೆ ನನಗೆ ಬಾಗಿಲು ತೆಗೆದಿದ್ದಳು, ಮಲ್ಲೇಶ. ಹೌದಕ್ಕ, ಸುಳ್ಳು ಎಂದಿದ್ದರೆ ಮುಗಿಯುತ್ತಿತ್ತು. ಬೈಯುತ್ತಿದ್ದಳು. ಪೊರಕೆ ತೆಗೆದುಕೊಳ್ಳುತ್ತಿದ್ದಳು. ಆಮೇಲೆ ಎದ್ದು ಲಾರಿಯವರನ್ನು ಕೇಳಲು ಹೋಗುತ್ತಿದ್ದಳು. ಆದರೆ ಅದೇ ದಿನ ಬೆಳಿಗ್ಗೆ ಪತ್ರಿಕೆ ಬಂದಿತ್ತು. ಮೊದಲ ಪುಟದಲ್ಲಿ ಆಕೆಯ ಮುಖ, ಕೆಳಗೆ ಸಣ್ಣ ಅಕ್ಷರದಲ್ಲಿ ನನ್ನ ಸ್ಟುಡಿಯೊ ಹೆಸರು, ತಿಪಟೂರು. ಮಂಡಿಯವರು ಪತ್ರಿಕೆ ಹಿಡಿದು ಬೀದಿಯಲ್ಲಿ ಓಡಾಡುತ್ತಿದ್ದರು.

“ಅಂಗಿ ನಾನು ಬರೆದದ್ದು ಅಕ್ಕ. ಮೈಮೇಲೆ ಬಟ್ಟೆ ಸರಿ ಇರಲಿಲ್ಲ” ಎಂದೆ.

ಆಕೆ ಗಾಜಿನ ಮೇಲೆ ಬೆರಳಿಟ್ಟಳು. “ಹರಿದ ಜೇಬೂ ಬರೆದಿದ್ದೀಯಲ್ಲಪ್ಪ.”

ಅದು ಪ್ರಶ್ನೆಯೋ, ಮೆಚ್ಚುಗೆಯೋ, ಶಾಪವೋ — ನನಗೆ ಇವತ್ತಿಗೂ ತಿಳಿದಿಲ್ಲ. ಆಕೆ ಪಟವನ್ನು ಎದೆಗೆ ಒತ್ತಿಕೊಂಡು ಒಳಗೆ ಹೋದಳು.

ಮರುವಾರದಿಂದ ಆಕೆ ಲಾರಿಯವರನ್ನು ಕೇಳುವುದನ್ನು ನಿಲ್ಲಿಸಿದಳು. ನಾನು ಮಾಡಿದ್ದರಲ್ಲಿ ಯಾವುದು ದೊಡ್ಡದು ಎಂದು ಯಾರಾದರೂ ಕೇಳಿದರೆ ಇದನ್ನೇ ತೋರಿಸುತ್ತೇನೆ. ಒಬ್ಬ ತಾಯಿ ಕೇಳುವುದನ್ನು ನಿಲ್ಲಿಸಿದಳು.

ಆಮೇಲಿನದು ನಾನೇ ಕಟ್ಟಿಕೊಂಡ ಗೂಡು. ಚಿತ್ರ ಎಲ್ಲ ಕಡೆ ಹೋಯಿತು. ಮಂಡಿಗಳಲ್ಲಿ, ಕ್ಷೌರದ ಅಂಗಡಿಯಲ್ಲಿ, ಹೋಟೆಲಿನ ಗಲ್ಲಾಪೆಟ್ಟಿಗೆಯ ಮೇಲೆ, ಶಾಲೆಯ ಗೋಡೆಯಲ್ಲಿ. ಎಲ್ಲಿ ಕೂತರೂ ನಿನ್ನವ್ವ ನನ್ನ ಕಡೆ ಬಾಯಿ ತೆರೆದು ನಿಂತಿರುತ್ತಿದ್ದಳು. ಮದುವೆಗಳು ಬಂದವು. ಅಂದು ಊಟ ಮಾಡಿಕೊಂಡು ಹೋಗು ಎಂದಿದ್ದ ತುರುವೇಕೆರೆಯ ಕಡೆಯ ಆ ಮನೆಯವರೇ ಎರಡನೇ ಮಗಳ ಮದುವೆಗೆ ಮನೆಗೆ ಬಂದು ಕರೆದರು. ನಾನು ಹೋದೆ. ಬಡಿಸಿದ್ದನ್ನೆಲ್ಲ ಉಂಡೆ.

ಊರಿನವರು ಸಾವುಗಳನ್ನು ತಮಗೆ ಬೇಕಾದ ಹಾಗೆ ಜೋಡಿಸಿಕೊಂಡರು. ಪಾಪ, ದೇಶದ ನಾಯಕರಿಗಾಗಿ ಅತ್ತಳು, ಮಾರನೆಯ ದಿನವೇ ಮಗನ ಸುದ್ದಿ ಬಂತು ಎಂದು. ನಾನು ತಿದ್ದಲಿಲ್ಲ. ಆಕೆ ಒಂದು ಸಲ ತಿದ್ದಲು ಹೋದಳು. ರೈಲು ಬಂದು ವರ್ಷ ತುಂಬಿದ ದಿನ ವೇದಿಕೆಗೆ ಕರೆದು ಶಾಲು ಹೊದಿಸಿದರು. ಮೈಕು ಮುಂದಿಟ್ಟಾಗ, “ನಾನು ಅತ್ತಿದ್ದು...” ಎಂದು ಶುರುಮಾಡಿದಳು. ಅಷ್ಟಕ್ಕೇ ಜನ ಚಪ್ಪಾಳೆ ತಟ್ಟಿದರು. ಬಹಳ ಹೊತ್ತು ತಟ್ಟಿದರು. ಆಕೆ ಕೆಳಗೆ ಕ್ಯಾಮೆರಾ ಹಿಡಿದು ನಿಂತಿದ್ದ ನನ್ನನ್ನು ನೋಡಿದಳು. ಮೈಕು ಬಿಟ್ಟು ಬಂದು ಕೂತಳು.

ನೀನು ಸತ್ತ ದಿನ ಯಾವುದು ಎಂದು ಆಕೆ ನನ್ನನ್ನು ಕೇಳಲೇ ಇಲ್ಲ. ರೈಲು ಬಂದ ದಿನವನ್ನೇ ಇಟ್ಟುಕೊಂಡಳು. ಪ್ರತಿ ವರ್ಷ ಬೆಳಿಗ್ಗೆ ವೇದಿಕೆ, ಮಧ್ಯಾಹ್ನ ಮನೆಯಲ್ಲಿ ನಿನ್ನ ಪಟದ ಮುಂದೆ ಎಡೆ. ನಿನಗೆ ಇಷ್ಟವೆಂದು ಕಾಯಿ ಹೋಳಿಗೆ. “ಸುದ್ದಿ ತಂದೋನು ನೀನು ಗಂಗಣ್ಣ, ನೀನೇ ಮೊದ್ಲು ಉಣ್ಣಬೇಕು” ಎಂದು ನನ್ನನ್ನು ಕರೆಯುತ್ತಿದ್ದಳು. ಬರುವುದಿಲ್ಲ ಎಂದರೆ ಕಾರಣ ಕೇಳುತ್ತಾಳೆ. ಹೋಗುತ್ತಿದ್ದೆ. ನಿನ್ನ ಕಣ್ಣ ಕೆಳಗೆ ಕೂತು, ನಿನ್ನ ಹೆಸರಿನ ಎಡೆ ಉಣ್ಣುತ್ತಿದ್ದೆ. ಆಕೆ ಪಕ್ಕದಲ್ಲಿ ಕೂತು, ಇನ್ನೊಂದು ಹಾಕಿಸ್ಕೋ ಗಂಗಣ್ಣ ಎಂದು ತುಪ್ಪ ಬಿಡುತ್ತಿದ್ದಳು.

ಮೊದಲ ವರ್ಷ ಹಾಗೆ ಉಣ್ಣುವಾಗ ನೀನು ಸತ್ತಿರಬಹುದು, ಇರಬಹುದು — ನನಗೂ ಗೊತ್ತಿಲ್ಲ ಎಂಬ ಒಂದು ಸಂದು ಇತ್ತು. ಅದಾದ ಒಂದು ತಿಂಗಳಿಗೆ ಆ ಸಂದೂ ಮುಚ್ಚಿತು.

ನಿನ್ನ ಕಾಗದ ಬಂತು.

ಸ್ಟುಡಿಯೊ ವಿಳಾಸಕ್ಕೆ ಬಂದಿತ್ತು. ಯಾವುದೋ ಹಳೆಯ ಪತ್ರಿಕೆಯಲ್ಲಿ ಚಿತ್ರ ನೋಡಿ, ಕೆಳಗಿದ್ದ ಹೆಸರು ನೋಡಿ ಬರೆದಿದ್ದೆ. ಪೂನಾದ ಒಂದು ಕ್ಯಾಂಟೀನಿನಲ್ಲಿ ಕೆಲಸ, ಸಾಮಾನು ಕಟ್ಟಿ ಬಂದ ಕಾಗದದಲ್ಲಿ ಅವ್ವನ ಮುಖ ಕಂಡಿತು ಎಂದು. ಕಾಗದ ನನ್ನ ಮುಂದೆಯೇ ಇದೆ, ಆದರೂ ನೋಡದೆ ಬರೆಯಬಲ್ಲೆ. “ಗಂಗಣ್ಣ, ಇದನ್ನು ಅವ್ವನಿಗೆ ಓದಿ ಹೇಳು. ಅವ್ವ, ನೀನು ಅಳೋದನ್ನ ನಾನು ಹುಟ್ಟಿದಮೇಲೆ ನೋಡಿರಲಿಲ್ಲ. ಅಪ್ಪ ಸತ್ತಾಗಲೂ ನೀನು ಹಿಂಗೆ ಅಳಲಿಲ್ಲ. ಯಾರಿಗೋ ದೊಡ್ಡೋರಿಗೆ ಇಷ್ಟು ಅತ್ತೆಯಲ್ಲ, ನಾನು ಹೋದಾಗ ಒಂದು ಹನಿಯಾದ್ರೂ ಹಾಕಿದ್ಯಾ? ಹಾಕಿದ್ದರೆ ಒಂದು ಮಾತು ಬರೆಸು. ಬತ್ತೀನಿ. ಇಲ್ಲದಿದ್ದರೆ ನನ್ನನ್ನ ಮರೆತುಬುಡು.”

ನಿನ್ನವ್ವನಿಗೆ ಓದಲು ಬರುತ್ತಿರಲಿಲ್ಲ ಎಂಬುದು ನಿನಗೆ ಗೊತ್ತು. ಆ ಕಾಗದಕ್ಕೂ ಆಕೆಗೂ ನಡುವೆ ಇದ್ದದ್ದು ನಾನೊಬ್ಬನೇ.

ಮಡಚಿ ಜೇಬಿನಲ್ಲಿಟ್ಟುಕೊಂಡು ಮಂಡಿಗೆ ಹೋದೆ. ಆಕೆ ಚಿಪ್ಪಿನ ರಾಶಿಯ ಮಧ್ಯೆ ಕೂತು ಕೊಬ್ಬರಿ ಬಿಡಿಸುತ್ತಿದ್ದಳು. ಹೆಂಗಸರು ಏನೋ ಹೇಳಿ ನಗುತ್ತಿದ್ದರು, ಆಕೆಯೂ ಸ್ವಲ್ಪ ನಕ್ಕಳು. ನನ್ನನ್ನು ನೋಡಿ, ಏನಪ್ಪ ಎಂದಳು. ಹೇಳಬೇಕೆಂದು ನಿಂತೆ. ಹೇಳಿದರೆ ಮಗ ಬರುತ್ತಾನೆ. ಮಗ ಬಂದರೆ ಊರು ಕೇಳುತ್ತದೆ, ಸತ್ತ ಅಂದವರು ಯಾರು? ಹಾಗಾದರೆ ಅಂದು ಆಕೆ ಅತ್ತದ್ದು? ಹಾಗಾದರೆ ಆ ಚಿತ್ರ? ಎರಡು ಸಲ ತೂಗಿದೆ. ಒಂದು ಕಡೆ ನೀನು ಮತ್ತು ಆಕೆ. ಇನ್ನೊಂದು ಕಡೆ ನನ್ನ ಸ್ಟುಡಿಯೊ ಬೋರ್ಡು.

“ಏನಿಲ್ಲ ಅಕ್ಕ, ಹಿಂಗೇ ಬಂದೆ” ಎಂದೆ.

ಮರುವರ್ಷ ಒಂದು ಕಾರ್ಡು ಬಂತು. ಒಂದೇ ಸಾಲು: “ಉತ್ತರ ಬರಲಿಲ್ಲ. ಅರ್ಥ ಆಯ್ತು.” ಆಮೇಲೆ ನೀನು ಬರೆಯಲಿಲ್ಲ.

ಎರಡನ್ನೂ ಸುಡಲು ಎಷ್ಟೋ ಸಲ ಒಲೆಯ ಮುಂದೆ ಕೂತಿದ್ದೇನೆ. ಸುಡಲಿಲ್ಲ, ನಿನಗೆ ಉತ್ತರವನ್ನೂ ಬರೆಯಲಿಲ್ಲ. ನಮ್ಮ ಕಡೆ ಕಾಯಿಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತೇವಲ್ಲ. ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಒಳಗೆ ಲೊಟಲೊಟ ಎನ್ನುವವರೆಗೆ. ಆ ಸದ್ದು ಬಂದರೆ ಇಳಿಸಬೇಕು, ಇಲ್ಲದಿದ್ದರೆ ಒಳಗೇ ಕೆಡುತ್ತದೆ. ನನ್ನೊಳಗೆ ಆ ಸದ್ದು ಅಂದೇ ಶುರುವಾಗಿತ್ತು. ಇಳಿಸಲಿಲ್ಲ.

ಆ ದಶಕ ಮುಗಿಯುವ ಮುಂಚೆಯೇ ನಿನ್ನವ್ವ ತೀರಿಕೊಂಡಳು. ಕೆಮ್ಮು, ಜ್ವರ, ನಾಲ್ಕು ದಿನ. ಗೋಡೆಗೆ ಒರಗಿಸಿ ಕೂರಿಸಿದ್ದರು. ಫೋಟೋ ತೆಗೆಯಲು ನನ್ನನ್ನೇ ಕರೆದರು. ತೆಗೆದೆ. ಕಣ್ಣು ಬರೆಯಬೇಕಾಗಿಲ್ಲ, ರೈಲಿನ ಚಿತ್ರ ಇದೆಯಲ್ಲ, ಅದನ್ನೇ ಹಾಕುತ್ತೇವೆ ಎಂದರು ನೆಂಟರು.

ಆಮೇಲೆ ಅವರು ಟ್ರಂಕು ತೆಗೆದರು. ಎರಡು ಸೀರೆ, ವೇದಿಕೆಯಲ್ಲಿ ಹೊದಿಸಿದ ಶಾಲುಗಳು ಮಡಿಕೆ ಬಿಚ್ಚದೆ, ಎಲ್ಲಕ್ಕೂ ಕೆಳಗೆ ಆ ಚೌಕಳಿ ಅಂಗಿ. ಒಗೆದು ಮಡಚಿಟ್ಟಿದ್ದಳು. ಸತ್ತವನ ಬಟ್ಟೆ ಯಾಕೆ ಮನೆಯಲ್ಲಿ, ಇದನ್ನೂ ಜೊತೆಗೇ ಹಾಕಿಬಿಡೋಣ ಎಂದು ಯಾರೋ ಎತ್ತಿದರು. ನಾನು ಕೈಗೆ ತೆಗೆದುಕೊಂಡೆ.

ಜೇಬಿಗೆ ಹೊಲಿಗೆ ಬಿದ್ದಿತ್ತು. ಬಟ್ಟೆಯ ಗೆರೆಗೆ ಗೆರೆ ಕೂರಿಸಿ, ಒಂದೊಂದೇ ಎಳೆ ಹೊಂದಿಸಿ, ಬಿಳಿ ದಾರ ಎಲ್ಲಿ ಬೇಕೋ ಅಲ್ಲಿ ಬಿಳಿ, ನೀಲಿ ಎಲ್ಲಿ ಬೇಕೋ ಅಲ್ಲಿ ನೀಲಿ. ಕಿತ್ತುಹೋಗಿದ್ದ ಗುಂಡಿಯನ್ನೂ ಹಾಕಿದ್ದಳು. ಯಾವಾಗ ಹೊಲಿದಿರಬಹುದು ಎಂದು ಪಕ್ಕದ ಮನೆಯ ಹೆಂಗಸನ್ನು ಸುಮ್ಮನೆ ಕೇಳುವ ಹಾಗೆ ಕೇಳಿದೆ. “ಮಗನ ಪಟ ಬಂತಲ್ಲ, ಅದಾದ ಮ್ಯಾಕೆ. ಸತ್ತೋನ ಅಂಗಿಗೆ ಯಾಕೆ ಹೊಲಿಗೆ ಹಾಕ್ತೀಯೆ ಅಂದ್ರೆ, ಇರ್ಲಿ ಬುಡು ಅಂತಿದ್ಲು” ಎಂದಳು ಆಕೆ.

ಸತ್ತವನ ಅಂಗಿಗೆ ಯಾರು ಹೊಲಿಗೆ ಹಾಕುತ್ತಾರೆ ಮಲ್ಲೇಶ?

ಗೊತ್ತಿತ್ತು ಎಂದರೆ ಕೇಳುವುದನ್ನು ಯಾಕೆ ನಿಲ್ಲಿಸಿದಳು? ಗೊತ್ತಿರಲಿಲ್ಲ ಎಂದರೆ ಯಾರಿಗಾಗಿ ಹೊಲಿದಳು? ಅರ್ಧ ನಂಬಿ, ಅರ್ಧ ನಂಬದೆ, ನನ್ನ ಬಾಯಿಂದ ಬರುತ್ತದೇನೋ ಎಂದು ಪ್ರತಿ ವರ್ಷ ಎಡೆಗೆ ಕರೆದು ಕೂರಿಸಿ ತುಪ್ಪ ಬಿಡುತ್ತಿದ್ದಳೇ? ಕೇಳಲು ಆಕೆ ಇಲ್ಲ. ಇದೂ ನನಗೆ ಸಲ್ಲಬೇಕಾದದ್ದೇ.

ಅಂಗಿಯನ್ನು ಮಣ್ಣಿಗೆ ಹಾಕಲು ಬಿಡಲಿಲ್ಲ. ನನ್ನ ಹತ್ತಿರ ಇದೆ. ನಿನ್ನ ಕಾಗದ, ಕಾರ್ಡು, ಪತ್ರಿಕೆಯವರು ತಿರುಗಿ ಕಳಿಸಿದ ಆ ರೋಲಿನ ನೆಗೆಟಿವ್ ಎಲ್ಲವನ್ನೂ ಅದರಲ್ಲೇ ಸುತ್ತಿ ನಾಳೆ ಮೇಡಂ ಕೈಗೆ ಕೊಡುತ್ತೇನೆ. ಇದನ್ನು ಓದಿದಮೇಲೆ ಅವರು ಪುಸ್ತಕದಲ್ಲಿ ಚಿತ್ರ ಹಾಕುತ್ತಾರೋ ಬಿಡುತ್ತಾರೋ, ಅದು ಅವರಿಗೆ ಬಿಟ್ಟದ್ದು. ಹಾಕಿದರೆ ಈ ಬರಹದ ಜೊತೆಗೇ ಹಾಕಬೇಕು. ಸ್ಟುಡಿಯೊ ಗೋಡೆಯಿಂದ ಅದನ್ನು ಇವತ್ತು ಇಳಿಸಿದೆ. ಬೋರ್ಡನ್ನೂ ಇಳಿಸಿದೆ. ಊರಿನವರು ಬಂದು ಕೇಳಿದರೆ ಬಾಗಿಲಲ್ಲೇ ಕೂತಿರುತ್ತೇನೆ. ನೀನೇ ಬಂದರೂ. ಕ್ಷಮಿಸು ಎಂಬ ಮಾತನ್ನು ನಾನು ಬರೆಯುವುದಿಲ್ಲ. ಬರೆದರೆ ಅದಕ್ಕೂ ನೀನು ಉತ್ತರ ಕೊಡಬೇಕಾಗುತ್ತದೆ.

ಮೇಡಂ ಕೇಳಿದ ನಾಲ್ಕು ಸಾಲು ಇವು:

ಚಿತ್ರದಲ್ಲಿರುವವರು ಸಿದ್ದಮ್ಮ, ಕೊಬ್ಬರಿ ಮಂಡಿಯ ಕೆಲಸದವರು.
ಅಳುತ್ತಿರುವುದು ಮಗ ಮಲ್ಲೇಶನಿಗಾಗಿ.
ಮಗ ಸತ್ತನೆಂದು ಆಕೆಗೆ ಸುಳ್ಳು ಹೇಳಿದವನು ಈ ಚಿತ್ರ ತೆಗೆದ ನಾನು, ಗಂಗಾಧರ.
ಹರಿದ ಜೇಬನ್ನು ಆಕೆ ಹೊಲಿದಿಟ್ಟಿದ್ದಾಳೆ.